ಬರಹ ಮುಚ್ಚಿ, ಮೈ ನೋಡಿ

ಕೇಳುಗರಿಗೆ ನಮಸ್ಕಾರ.

ವ್ಯಂಗ್ಯಚಿತ್ರ ಕಂಡ ಕೂಡಲೇ ನಾವು ಏನು ಮಾಡುತ್ತೇವೆ? ಸೀದಾ ಕೆಳಗಿನ ಬರಹ ಓದುತ್ತೇವೆ. ನಕ್ಕು ಹಾಳೆ ತಿರುಗಿಸುತ್ತೇವೆ. ಇವತ್ತು ನನ್ನದು ಒಂದೇ ಮಾತು. ಆ ಬರಹವನ್ನು ಕೈಯಿಂದ ಮುಚ್ಚಿ. ಮೊದಲು ಮೈ ನೋಡಿ.

ಇದನ್ನು ನನಗೆ ಕಲಿಸಿದ್ದು ಫ್ರಾನ್ಸಿನ ವ್ಯಂಗ್ಯಚಿತ್ರಕಾರ ಒನೊರೆ ದೋಮಿಯೆಯ ಒಂದು ಕಲ್ಲಚ್ಚಿನ ಚಿತ್ರ. ಕಲ್ಲಚ್ಚು ಅಂದರೆ ಕಲ್ಲು ಕೆತ್ತುವುದಲ್ಲ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆಯುವುದು. ನೀರು ಸವರಿದರೆ ಜಿಡ್ಡಿರುವಲ್ಲಿ ನೀರು ನಿಲ್ಲುವುದಿಲ್ಲ, ಮಸಿ ಅಲ್ಲಿಗೇ ಅಂಟುತ್ತದೆ. ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಅಚ್ಚಾದದ್ದೂ ಹೀಗೇ.

ಓದುವ ಕಾಲದಲ್ಲಿ ನಾನೂ ಒಂದು ಕಲ್ಲು ಉಜ್ಜಿದೆ. ತೋಳು ಬಿದ್ದುಹೋಗುವಷ್ಟು ಉಜ್ಜಿದೆ. ಕುರ್ಚಿಯಲ್ಲಿ ಕೂತ ಅಜ್ಜನನ್ನು ಬರೆದು, ಕೆಳಗೆ ದೊಡ್ಡದಾಗಿ ನನ್ನ ಹೆಸರು ಹಾಕಿದೆ. ಅಚ್ಚು ತೆಗೆದರೆ ಹೆಸರು ಪೂರ್ತಿ ಉಲ್ಟಾ! ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. “ಹೆಸರು ಹಾಳಾಗಲಿ, ನಿನ್ನ ಅಜ್ಜ ಕೂತೇ ಇಲ್ವಲ್ಲೋ, ಕುರ್ಚಿ ಮೇಲೆ ತೇಲ್ತಿದ್ದಾನೆ” ಅಂದರು. ಆಮೇಲೆ ಒಂದು ಪುಸ್ತಕ ತೆರೆದು, ಚಿತ್ರದ ಕೆಳಗಿನ ಸಾಲನ್ನು ಅಂಗೈಯಿಂದ ಮುಚ್ಚಿ, “ಇವನಿಗೆ ಏನಾಗಿದೆ, ಹೇಳು” ಅಂದರು.

ಕುರ್ಚಿಯಲ್ಲಿ ಒಬ್ಬ ಗೃಹಸ್ಥ. ಮೈಯೆಲ್ಲ ಸೆಟೆದಿದೆ. ತಲೆ ಅಲುಗದಂತೆ ಹಿಂದಿನಿಂದ ಪಟ್ಟಿ ಹಿಡಿದಿದೆ. “ಹಲ್ಲು ಕೀಳಿಸ್ಕೊಳ್ತಿದ್ದಾನೆ ಸಾರ್” ಅಂದೆ. ಮೇಷ್ಟ್ರು ಕೈ ತೆಗೆದರು. ಚಂದದ ಫೋಟೊ ಬರಲು ತುಂಬ ಆರಾಮವಾದದ್ದೆಂದು ಹೆಸರಾದ ಭಂಗಿಯಂತೆ ಅದು! ಇಸವಿ 1847. ಆಗಿನ ಫೋಟೊಗೆ ಅಷ್ಟು ಹೊತ್ತು ಕಲ್ಲಾಗಿ ಕೂರಬೇಕಿತ್ತು.

ನೋಡಿ, ದೋಮಿಯೆಯ ಚಿತ್ರಗಳ ಕೆಳಗಿನ ಮಾತು ಹೆಚ್ಚಿನವು ಬೇರೆಯವರು ಬರೆದವು. ಸೆಟೆದ ಆ ಬೆನ್ನು ಮಾತ್ರ ಅವನದೇ. ಅದಕ್ಕೇ ಹೇಳುವುದು, ಬರಹ ಮುಚ್ಚಿ.

ಅಯ್ಯೋ, ಗಾಜಿನಾಚೆ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ದೋಮಿಯೆ ತನ್ನ ದೊರೆ ಲೂಯಿ ಫಿಲಿಪ್‌ನನ್ನು ಜನರ ದುಡ್ಡು ನುಂಗುವ ದೈತ್ಯನಾಗಿ ಬರೆದು 1832ರಲ್ಲಿ ಜೈಲು ಸೇರಿದ. 1835ರಲ್ಲಿ ರಾಜಕೀಯ ಚಿತ್ರಗಳಿಗೆ ಕಾನೂನೇ ಅಡ್ಡ ಬಂತು. ಆಗ ಬಾಡಿಗೆದಾರರು, ವಕೀಲರು, ರೈಲು ಪ್ರಯಾಣಿಕರ ಕಡೆ ತಿರುಗಿದ. ಒಟ್ಟು ಸುಮಾರು 4000 ಕಲ್ಲಚ್ಚುಗಳು.

1865ರದ್ದು ಒಂದಿದೆ. ಬಯಲಲ್ಲಿ ಇಬ್ಬರು ಚಿತ್ರಕಾರರು, ಒಬ್ಬನ ಹಿಂದೆ ಒಬ್ಬ. ಮುಂದಿನವನು ನಿಸರ್ಗ ನೋಡಿ ಬರೆಯುತ್ತಿದ್ದಾನೆ. ಹಿಂದಿನವನು ಏನು ನೋಡಿ ಬರೆಯುತ್ತಿದ್ದಾನೆ ಅನ್ನುವುದನ್ನು ನಾನು ಹೇಳುವುದಿಲ್ಲ. ಚಿತ್ರ ಹುಡುಕಿ. ಬರಹ ಮುಚ್ಚಿಕೊಂಡೇ ನೋಡಿ. ನಮಸ್ಕಾರ.