ನಾಲ್ಕು ಕೀಲಿ, ಒಂದು ಕಮಾಂಡು

ಕೇಳುಗರಿಗೆ ನಮಸ್ಕಾರ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯಿಂದ ಪುಣೆಗೆ ಬಂದು ಹಿಂಜವಾಡಿಯಲ್ಲೋ ಖರಾಡಿಯಲ್ಲೋ ಕಂಪ್ಯೂಟರ್ ಕೆಲಸಕ್ಕೆ ಸೇರಿದ ನಮ್ಮ ಮಕ್ಕಳಿಗಾಗಿ ಈ ಮಾತು. ಉಳಿದವರು ಕಿವಿ ಮುಚ್ಚಿಕೊಳ್ಳಬೇಕಿಲ್ಲ.

ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಸೇವೆಯ ಸೆಂಟ್ರಲ್ ಇಂಡಿಯಾ ವಲಯ 2015ರಿಂದ ಇದೇ ಪುಣೆಯಲ್ಲಿದೆ. ಅಲ್ಲಿ ಕಾಸ್ಮಾಸ್ ಡಿಬಿ ಎಂಬ ಡೇಟಾಬೇಸ್ ಇಟ್ಟುಕೊಂಡವರು ಅದರ ಕೀಲಿಗಳು, ಅಂದರೆ ಒಳಹೋಗಲು ಬೇಕಾದ ಗುಪ್ತ ಅಕ್ಷರಸಾಲುಗಳು, ಬೇಕಾದಾಗ 'ಎಝಡ್ ಕಾಸ್ಮಾಸ್‌ಡಿಬಿ ಕೀಸ್ ಲಿಸ್ಟ್' ಎಂಬ ಕಮಾಂಡು ಟೈಪ್ ಮಾಡಿ, ಖಾತೆಯ ಹೆಸರು, ಅದು ಸೇರಿರುವ ರಿಸೋರ್ಸ್ ಗ್ರೂಪ್ ಎಂಬ ಗುಂಪಿನ ಹೆಸರು ಸೇರಿಸಿ ಎಂಟರ್ ಒತ್ತುತ್ತಾರೆ.

ಆಗ ಪರದೆಯ ಮೇಲೆ ನಾಲ್ಕು ಕೀಲಿಗಳು ಬರುತ್ತವೆ. ಪ್ರೈಮರಿ, ಸೆಕೆಂಡರಿ ಎಂಬ ಎರಡಕ್ಕೆ ಓದುವ, ಬರೆಯುವ, ಅಳಿಸುವ ಅಧಿಕಾರವೆಲ್ಲ ಇದೆ. ಉಳಿದೆರಡು ಓದಲು ಮಾತ್ರ. ಒಂದೊಂದೂ 88 ಅಕ್ಷರಗಳ ಉದ್ದ, ತುದಿಯಲ್ಲಿ ಎರಡು ಸಮಚಿಹ್ನೆ. ಪಾಸ್‌ವರ್ಡಿನಂತೆ ಚುಕ್ಕೆಗಳ ಹಿಂದೆ ಮರೆಮಾಡುವ ಸೌಜನ್ಯ ಇಲ್ಲಿಲ್ಲ, ಎಲ್ಲವೂ ಬಯಲು. ಪರದೆ ಹಂಚಿಕೊಂಡ ಸಭೆಯಲ್ಲಿ ಇದನ್ನು ಓಡಿಸಿದರೆ ಹತ್ತು ಜನ ಓದುತ್ತಾರೆ. ಸಭೆಯ ರೆಕಾರ್ಡಿಂಗ್ ಇದ್ದರಂತೂ ಕೇಳುವುದೇ ಬೇಡ.

ಪಟ್ಟಿ ನೋಡುವುದರಲ್ಲಿ ಏನು ಮಹಾ ಎನ್ನುತ್ತಾರೆ. ನೋಡಿದವನ ಕೈಗೆ ಡೇಟಾಬೇಸೇ ಬಂದಂತಾಯಿತಲ್ಲ! ಅದಕ್ಕೇ ಕಾಸ್ಮಾಸ್ ಡಿಬಿ ಅಕೌಂಟ್ ರೀಡರ್ ಎಂಬ ಪಾತ್ರ, ಅಂದರೆ ಮಿತ ಅಧಿಕಾರದ ಸ್ಥಾನ, ಇರುವುದು. ಆ ಪಾತ್ರದವರು ಓದುವ ಕೀಲಿಗಳನ್ನಷ್ಟೇ ಪಡೆಯಬಲ್ಲರು. ವರದಿ ತಯಾರಿಸುವವರಿಗೆ ಅಷ್ಟು ಸಾಕು. ನೀವೇ ತೆಗೆದುಕೊಡುವುದಾದರೆ ಅದೇ ಕಮಾಂಡಿನ ಟೈಪ್ ಎಂಬ ಆಯ್ಕೆಯಲ್ಲಿ 'ರೀಡ್ ಓನ್ಲಿ ಕೀಸ್' ಎಂದು ಕೇಳಿ.

ಪೂರ್ಣಾಧಿಕಾರದ ಕೀಲಿ ಎರಡೇಕೆ? ಬದಲಾಯಿಸುವಾಗ ಕೆಲಸ ನಿಲ್ಲಬಾರದೆಂದು. ಮೊದಲು ಅಪ್ಲಿಕೇಶನ್‌ಗಳನ್ನೆಲ್ಲ ಸೆಕೆಂಡರಿಗೆ ಹೊರಳಿಸಿ, ಸರಿಯಾಗಿ ನಡೆಯುತ್ತಿವೆಯೇ ನೋಡಿ, ಆಮೇಲೆ 'ಕೀಸ್ ರೀಜನರೇಟ್' ಕಮಾಂಡಿನಿಂದ ಪ್ರೈಮರಿಯನ್ನು ಹೊಸದಾಗಿಸಿ. ಖಾತೆಯ ಗಾತ್ರ ನೋಡಿಕೊಂಡು ಇದಕ್ಕೆ ಒಂದು ನಿಮಿಷವೂ ಆಗಬಹುದು, ಹಲವು ಗಂಟೆಗಳೂ ಹಿಡಿಯಬಹುದು. ಶುಕ್ರವಾರ ಸಂಜೆ ಊರಿಗೆ ಹೋಗುವ ಬಸ್ಸಿನ ಹೊತ್ತಿಗೆ ಇದಕ್ಕೆ ಕೈ ಹಾಕಬೇಡಿ. ಈ ಕ್ರಮ ತಲೆಕೆಳಗಾದರೆ ಹಳೆಯ ಕೀಲಿ ಹಿಡಿದ ಅಪ್ಲಿಕೇಶನ್‌ಗೆ ಬಾಗಿಲು ಮುಚ್ಚುತ್ತದೆ, ನಿಮ್ಮ ಫೋನು ಬಡಿದುಕೊಳ್ಳುತ್ತದೆ.

ಕೀಲಿಗಳ ಗೊಡವೆಯೇ ಬೇಡವೆನ್ನುವವರಿಗೆ ಎಂಟ್ರಾ ಐಡಿ ಎಂಬ ಮೈಕ್ರೋಸಾಫ್ಟ್‌ನ ಗುರುತಿನ ಸೇವೆ ಇದೆ. ಯಾರು ಏನು ಮಾಡಬಹುದೆಂಬುದು ಅವರವರ ಗುರುತಿನಿಂದಲೇ ನಿರ್ಧಾರವಾಗುತ್ತದೆ. ಕೀಲಿಯ ಮೂಲಕ ಒಳಬರುವ ದಾರಿಯನ್ನು ಖಾತೆಯಲ್ಲೇ ಮುಚ್ಚಿಬಿಡಬಹುದು. ಹೊಸ ಯೋಜನೆ ಶುರುಮಾಡುವವರು ಮೊದಲ ದಿನವೇ ಹಾಗೆ ಮಾಡಿಬಿಡಿ. ನಮಸ್ಕಾರ.