ಜಿನ್ನಿಯಾ: ಬುಡಕ್ಕೆ ನೀರು, ಎಲೆಗೆ ಗಾಳಿ

ಕೇಳುಗರಿಗೆ ನಮಸ್ಕಾರ.

ಜಿನ್ನಿಯಾ ಬೆಳೆಸುವವರ ದೂರು ಹೆಚ್ಚಾಗಿ ಒಂದೇ. ಗಿಡವೇನೋ ಹುಲುಸಾಗಿ ಬಂತು, ಹೂ ಬಿಡುವ ಹೊತ್ತಿಗೆ ಎಲೆಯೆಲ್ಲ ಬೂದಿ ಹಿಡಿಯಿತು. ಇದನ್ನು ತಡೆಯುವ ಕೆಲಸ ಬಿತ್ತುವ ದಿನದಿಂದಲೇ ಶುರುವಾಗಬೇಕು.

ಮೆಕ್ಸಿಕೋ ಮೂಲದ ಈ ಗಿಡಕ್ಕೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ನೆರಳಿನಲ್ಲಿ ಕಾಂಡ ಸಣಕಲಾಗಿ ಬಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಜೂನ್–ಜುಲೈನಲ್ಲಿ ಬಿತ್ತಬಹುದು. ಬೇಸಿಗೆಯ ಹೂವಿಗೆ ಜನವರಿ–ಫೆಬ್ರವರಿ. ಮಲೆನಾಡು, ಕರಾವಳಿಯವರು ಜಡಿಮಳೆ ಮುಗಿಯುವ ತನಕ ಕಾಯುವುದು ಮೇಲು.

ಸಸಿ ಕಿತ್ತು ನೆಟ್ಟರೆ ಬೇರು ನೋಯುತ್ತದೆ. ಆದ್ದರಿಂದ ಬೆಳೆಯುವ ಜಾಗದಲ್ಲೇ ಬಿತ್ತಿ. ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಹಾಕಿ ತೆಳುವಾಗಿ ಮಣ್ಣು ಮುಚ್ಚಿ. ವಾರದೊಳಗೆ ಮೊಳಕೆ ಕಾಣುತ್ತದೆ. ಆಗ ನೀರು ನಿಂತರೆ ಎಳೆಸಸಿಯ ಬುಡ ಕೊಳೆತು ಮಲಗಿಬಿಡುತ್ತದೆ. ಯೂರಿಯಾ ಸುರಿಯಬೇಡಿ, ಎಲೆ ಹೆಚ್ಚುತ್ತದೆ, ಹೂ ಹಿಂದೆ ಬೀಳುತ್ತದೆ.

ಎತ್ತರದ ತಳಿಗಳಿಗೆ ಗಿಡದಿಂದ ಗಿಡಕ್ಕೆ ಒಂದಡಿ ಬಿಡಿ. ಹೆಚ್ಚುವರಿ ಸಸಿ ಕೀಳಲು ಮನಸ್ಸಾಗುವುದಿಲ್ಲ ನಿಜ, ಆದರೆ ಕೀಳಲೇಬೇಕು. ಬೂದಿ ರೋಗಕ್ಕೆ ಎಲೆ ಒದ್ದೆಯಾಗುವುದೂ ಬೇಡ, ಗಾಳಿಯಾಡದ ತೇವದ ವಾತಾವರಣವೇ ಸಾಕು. ಎಲೆಚುಕ್ಕೆ ರೋಗದ ದಾರಿ ಬೇರೆ: ಒದ್ದೆ ಎಲೆಯ ಮೇಲೆ ಕೆಂಗಂದು ಚುಕ್ಕೆ ಮೂಡಿ, ನಡುಭಾಗ ಬೂದುಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಬೆಳಿಗ್ಗೆ, ಬುಡಕ್ಕಷ್ಟೇ ನೀರು. ಬಾಹ್ಯಾಕಾಶ ನಿಲ್ದಾಣದಲ್ಲಿ ಬೆಳೆಸಿದ ಜಿನ್ನಿಯಾಗಳಿಗೂ ತೇವ ಹೆಚ್ಚಿ ಬೂಷ್ಟು ಹಿಡಿದಿತ್ತು. ಗಾಳಿ ಹೆಚ್ಚಿಸಿ ಆರೈಕೆ ಮಾಡಿದ ಮೇಲೆ 2016ರ ಜನವರಿಯಲ್ಲಿ ಹೂ ಅರಳಿತು.

ಬೂದಿ ಕಂಡ ಎಲೆಗಳನ್ನು ಕೂಡಲೇ ತೆಗೆದುಹಾಕಿ. ಹರಡುತ್ತಿದ್ದರೆ ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಬೆರೆಸಿ ಸಂಜೆ ಸಿಂಪಡಿಸಿ. ಸುಡುಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಟ್ಟೀತು.

ಗಿಡ ಮುಕ್ಕಾಲು ಅಡಿ ಬೆಳೆದಾಗ, ಮೂರು–ನಾಲ್ಕು ಜೋಡಿ ಎಲೆ ಉಳಿಸಿ ತುದಿ ಚಿವುಟಿ. ಎಲೆಗಳು ಎದುರುಬದುರಾಗಿರುವುದರಿಂದ ಪ್ರತಿ ಗೆಣ್ಣಿನಲ್ಲೂ ಎರಡು ಕವಲು ಬರಬಲ್ಲವು. ಮೊದಲ ಹೂ ತುಸು ತಡವಾದರೂ ಒಟ್ಟು ಹೂ ಹೆಚ್ಚುತ್ತದೆ. ಬಿತ್ತಿ ಎರಡು ತಿಂಗಳ ಆಸುಪಾಸಿಗೆ ಹೂ ಶುರು.

ಹೂದಾನಿಗೆ ಕೊಯ್ಯುವ ಮುನ್ನ ಹೂವಿನಿಂದ ಒಂದು ಗೇಣು ಕೆಳಗೆ ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕತ್ತು ಬಳುಕಿದರೆ ಇನ್ನೂ ಬಲಿತಿಲ್ಲ, ಕೊಯ್ದರೆ ಬಾಡುತ್ತದೆ. ನೆಟ್ಟಗೆ ನಿಂತರೆ ಕೊಯ್ಯಿರಿ. ಬಾಡಿದ ಹೂಗಳನ್ನೂ ಆಗಾಗ ಕತ್ತರಿಸುತ್ತಿದ್ದರೆ ಹೊಸ ಮೊಗ್ಗು ಬರುತ್ತಲೇ ಇರುತ್ತದೆ.

ಬೀಜಕ್ಕೆಂದು ಆರೋಗ್ಯವಾದ ಗಿಡದ ಕೆಲವು ಹೂ ಮಾತ್ರ ಬಿಡಿ; ಎಲೆಚುಕ್ಕೆ ಬೀಜದಿಂದಲೂ ಬರುತ್ತದೆ. ಹೂ ಪೂರ್ತಿ ಕಂದಾಗಿ ಒಣಗಿದ ಮೇಲೆ ಬಿಡಿಸಿ, ನೆರಳಲ್ಲಿ ಆರಿಸಿ, ಕಾಗದದ ಪೊಟ್ಟಣದಲ್ಲಿಡಿ. ಹೈಬ್ರಿಡ್ ತಳಿಯ ಬೀಜದಿಂದ ಮಾತ್ರ ಅದೇ ಬಣ್ಣ, ಅದೇ ಗಾತ್ರ ನಿರೀಕ್ಷಿಸಬೇಡಿ.

ನಮಸ್ಕಾರ.