ಮೊದಲು ಟವರ್, ಆಮೇಲೆ ಫೋನ್

ಹಾಸನ ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ.

ಹೊಸ ಫೋನ್ ತಗೋಬೇಕು ಅಂದ ತಕ್ಷಣ ನಾವು ಏನು ಮಾಡುತ್ತೇವೆ? ಸೀದಾ ಬಿ.ಎಂ. ರಸ್ತೆಯ ಯಾವುದಾದರೂ ಅಂಗಡಿಗೆ ಹೋಗುತ್ತೇವೆ. ಕ್ಯಾಮೆರಾ ಎಷ್ಟು, ಬಣ್ಣ ಯಾವುದು, ಎಷ್ಟು ಕಡಿಮೆ ಮಾಡ್ತೀರಿ ಅಂತ ಕೇಳುತ್ತೇವೆ. ಫೋನ್ ಕೈಗೆ ಬಂದ ಮೇಲೆ ಸಿಮ್. ಸಿಮ್ ಹಾಕಿದ ಮೇಲೆ ಅಂಗಡಿಯವರು ಹೇಳಿದಷ್ಟು ಕರೆನ್ಸಿ. ಕೊನೆಗೆ ಊರಿಗೆ ಹೋಗಿ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಟವರ್ ಇಲ್ಲ.

ಈ ಸಾಲನ್ನು ತಿರುಗಿಸಿ ಅಂತ ಹೇಳುವುದಕ್ಕೇ ನಾನು ಇವತ್ತು ಬಂದಿದ್ದೇನೆ. ಮೊದಲು ನಿಮ್ಮ ಮನೆಗೆ ಯಾವ ಕಂಪನಿಯ ಟವರ್ ಸಿಗುತ್ತದೆ ಅಂತ ನೋಡಿ. ಆಮೇಲೆ ಪ್ಯಾಕ್ ಲೆಕ್ಕ ಹಾಕಿ. ಫೋನ್ ಕೊನೆಗೆ ಬರಲಿ.

ಇದನ್ನು ನಾನು ಕಲಿತದ್ದು ನಮ್ಮ ಅಮ್ಮನಿಂದ. ಅಮ್ಮ ಇರುವುದು ಸಕಲೇಶಪುರದ ಕಡೆ, ಕಾಫಿ ತೋಟದ ನಡುವಿನ ಮನೆಯಲ್ಲಿ. ಕೆಲವು ವರ್ಷದ ಹಿಂದೆ ಅವರಿಗೆ ಒಂದು ಒಳ್ಳೆಯ ಟಚ್ ಫೋನ್ ಕೊಡಿಸಿದೆ. ಸಿಮ್ ಮಾತ್ರ ಹಳೆಯದೇ ಇತ್ತು. ಆ ಕಂಪನಿಯ ಟವರ್ ಇದ್ದದ್ದು ಗುಡ್ಡದ ಆಚೆ. ಮನೆಯೊಳಗೆ ಒಂದು ಕಡ್ಡಿಯೂ ಇಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಹಲಸಿನ ಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ. ಬೇಸಿಗೆಯಲ್ಲಿ ಹೇಗೋ ನಡೆಯಿತು. ಜೂನ್ ಬಂತು, ಮಳೆ ಹಿಡಿಯಿತು. ಮಗನ ಫೋನ್ ಬರಬಹುದು ಅಂತ ಅಮ್ಮ ಸಂಜೆ ಕೊಡೆ ಹಿಡಿದು ಆ ಮರದ ಕೆಳಗೆ ನಿಲ್ಲುತ್ತಿದ್ದರು. ಅದು ನನಗೆ ತಿಂಗಳುಗಟ್ಟಲೆ ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಆನೆಯಿಂದ. ನಮ್ಮ ಆಲೂರು, ಸಕಲೇಶಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆನೆ ಎಲ್ಲಿದೆ, ಯಾವ ತೋಟದ ಹತ್ತಿರ ಬಂದಿದೆ ಎಂದು ಮೊಬೈಲಿಗೆ ಮೆಸೇಜ್ ಬರುವ ವ್ಯವಸ್ಥೆ ಇದೆ. ಒಂದು ಸಂಜೆ ಹೊರಟ ಮೆಸೇಜ್ ಅಮ್ಮನ ಫೋನಿಗೆ ಬಂದದ್ದು ಮಾರನೇ ದಿನ ಬೆಳಿಗ್ಗೆ, ಅವರು ಕಣದ ಮೂಲೆಗೆ ಹೋದಾಗ. ಅಷ್ಟರಲ್ಲಿ ಹಿತ್ತಲಿನ ಬಾಳೆಯೆಲ್ಲ ನೆಲಕ್ಕೆ ಬಿದ್ದಿತ್ತು. ಅಮ್ಮನಿಗೆ ಏನೂ ಆಗಲಿಲ್ಲ. ಆದರೆ ನನಗೆ ಆ ದಿನ ಊಟ ಸೇರಲಿಲ್ಲ. ಅಷ್ಟು ದುಡ್ಡು ಕೊಟ್ಟು ತಂದ ಫೋನ್, ಬೇಕಾದ ಹೊತ್ತಿಗೆ ಸುಮ್ನೆ ಕೂತಿತ್ತು.

ಟವರ್ ಸಿಗುತ್ತದೋ ಇಲ್ಲವೋ ನೋಡುವುದು ಕಷ್ಟದ ಕೆಲಸ ಅಲ್ಲ. ಅಕ್ಕಪಕ್ಕದವರ ಹತ್ತಿರ ಬೇರೆ ಬೇರೆ ಕಂಪನಿಯ ಸಿಮ್ ಇದ್ದೇ ಇರುತ್ತದೆ. ಅವರನ್ನು ಒಂದು ಲೋಟ ಕಾಫಿಗೆ ಕರೆಯಿರಿ. ಜಗಲಿಯಲ್ಲಿ, ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ನಿಂತು ಫೋನ್ ಮಾಡಿ ನೋಡಿ. ಕಡ್ಡಿ ಎಣಿಸಿ ನಂಬಬೇಡಿ. ನಾಲ್ಕು ಕಡ್ಡಿ ತೋರಿಸಿ ಮಾತು ತುಂಡು ತುಂಡಾಗುವುದೂ ಉಂಟು. ಎರಡು ನಿಮಿಷ ಮಾತಾಡಿ ನೋಡಬೇಕು. ಬೆಳಿಗ್ಗೆ ಒಂದು ಸಲ, ಎಲ್ಲರೂ ಫೋನ್ ಹಿಡಿದು ಕೂರುವ ರಾತ್ರಿ ಎಂಟು ಗಂಟೆಗೆ ಒಂದು ಸಲ. ಕರೆಂಟ್ ಹೋಗಿ ಎರಡು ಮೂರು ಗಂಟೆ ಆದ ಮೇಲೆ ಇನ್ನೊಂದು ಸಲ ನೋಡಿದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ಟವರಿನ ಬ್ಯಾಟರಿ ಖಾಲಿಯಾದರೆ ಟವರೂ ಮಲಗುತ್ತದೆ. ಯಾವ ಟವರ್ ಜಾಸ್ತಿ ಹೊತ್ತು ಎದ್ದಿರುತ್ತದೆ ಅಂತ ಲೈನ್‌ಮ್ಯಾನ್‌ಗೆ, ಆಶಾ ಕಾರ್ಯಕರ್ತೆಗೆ, ಡೇರಿಯಲ್ಲಿ ಹಾಲು ಅಳೆಯುವವರಿಗೆ ಗೊತ್ತಿರುತ್ತದೆ. ಕಂಪನಿಗಳು ತಮ್ಮ ಜಾಲತಾಣದಲ್ಲಿ ಟವರ್ ಸಿಗುವ ಜಾಗದ ನಕ್ಷೆ ಹಾಕಿರುತ್ತವೆ, ಅದನ್ನೂ ನೋಡಿ. ಆದರೆ ನಕ್ಷೆಗೆ ನಿಮ್ಮ ಮನೆಯ ಹಿಂದಿನ ಗುಡ್ಡ ಕಾಣುವುದಿಲ್ಲ.

ಒಂದೇ ಊರಿನಲ್ಲಿ ಒಂದು ಕಂಪನಿ ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ, ಯಾಕೆ? ಟವರ್ ದೂರ ಇರುವುದು ಒಂದು ಕಾರಣ. ಇನ್ನೊಂದು ತರಂಗದ ಮಾತು. ಜಾತ್ರೆಯ ದಿನ ಡೊಳ್ಳಿನ ಸದ್ದು ಗುಡ್ಡ ದಾಟಿ ಬರುತ್ತದೆ, ಕೊಳಲಿನ ಸದ್ದು ಅಲ್ಲೇ ಉಳಿಯುತ್ತದೆ, ಅಲ್ವಾ? ಟವರಿನ ತರಂಗವೂ ಹಾಗೇ. 700, 850, 900 ಮೆಗಾಹರ್ಟ್ಸ್‌ನ ತರಂಗಗಳು ಡೊಳ್ಳಿನ ಹಾಗೆ. ದೂರ ಹೋಗುತ್ತವೆ, ಗೋಡೆ ದಾಟುತ್ತವೆ. 2300 ಮೆಗಾಹರ್ಟ್ಸ್‌ನದು ಪೇಟೆಯಲ್ಲಿ ಬಲು ಜೋರು, ಆದರೆ ಗುಡ್ಡ ಅಡ್ಡ ಬಂದರೆ, ಮಳೆಯಲ್ಲಿ ನೆನೆದ ಸಿಲ್ವರ್ ಓಕ್ ಸಾಲು ಅಡ್ಡ ಬಂದರೆ ಸೋತುಹೋಗುತ್ತದೆ.

ಬಿಎಸ್‌ಎನ್‌ಎಲ್ ಸಿಮ್ ಇಟ್ಟುಕೊಂಡವರು ಇಲ್ಲಿ ಸ್ವಲ್ಪ ಗಮನ ಕೊಡಿ. ದೇಶದಲ್ಲೇ ತಯಾರಾದ ಅವರ 4ಜಿ ಜಾಲ 2025ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಶುರುವಾಯಿತು. ಅದರ ಒಂದು ಮುಖ್ಯ ತರಂಗ 700 ಮೆಗಾಹರ್ಟ್ಸ್. ಫೋನಿನ ಭಾಷೆಯಲ್ಲಿ ಅದಕ್ಕೆ ಬ್ಯಾಂಡ್ 28 ಎನ್ನುತ್ತಾರೆ. ಹಳೆಯ ಕಡಿಮೆ ಬೆಲೆಯ 4ಜಿ ಫೋನುಗಳಲ್ಲಿ ಎಷ್ಟೋ ಸಲ ಈ ಬ್ಯಾಂಡ್ ಇರುವುದಿಲ್ಲ. ಟವರ್ ಎದುರಿಗೇ ಇದ್ದರೂ ಆ ತರಂಗ ಫೋನಿಗೆ ಕೇಳಿಸುವುದಿಲ್ಲ. ಆಗ ನಾವು ಸಿಮ್ಮಿಗೆ ಬೈಯುತ್ತೇವೆ, ತಪ್ಪು ಫೋನಿನದು. ಅಂಗಡಿಯಲ್ಲಿ ಬಾಯಿಮಾತು ಕೇಳಬೇಡಿ. ಫೋನ್ ಕಂಪನಿಯ ಜಾಲತಾಣದಲ್ಲಿ ಆ ಮಾಡೆಲ್ಲಿನ ವಿವರ ತೆಗೆದು, 4ಜಿ ಬ್ಯಾಂಡ್‌ಗಳ ಸಾಲಿನಲ್ಲಿ 28 ಇದೆಯಾ ನೋಡಿ.

ಕಂಪನಿ ಬದಲಿಸಬೇಕು ಅಂತಾದರೆ ನಂಬರ್ ಬದಲಿಸುವ ಅಗತ್ಯ ಇಲ್ಲ. ಬ್ಯಾಂಕು, ಗ್ಯಾಸು, ಪಡಿತರ, ಆಧಾರ್ ಎಲ್ಲ ಅದೇ ನಂಬರಿಗೆ ಕಟ್ಟಿಕೊಂಡಿರುತ್ತವೆ. ಪೋರ್ಟ್ ಮಾಡುವ, ಅಂದರೆ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ನಮಗೆ 2011ರಿಂದಲೇ ಇದೆ. ಮೆಸೇಜಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ 10 ಅಂಕಿಯ ನಂಬರ್ ಹಾಕಿ 1900ಕ್ಕೆ ಕಳಿಸಿ. ಪ್ಯಾಕ್‌ನಲ್ಲಿ ಮೆಸೇಜ್ ಸೌಲಭ್ಯ ಇಲ್ಲದವರಿಗೂ ಇದೊಂದು ಮೆಸೇಜ್ ಹೋಗುವ ಹಾಗೆ ಮಾಡಬೇಕು ಎಂದು ಟ್ರಾಯ್, ಅಂದರೆ ಫೋನ್ ಕಂಪನಿಗಳಿಗೆ ನಿಯಮ ಮಾಡುವ ದೂರಸಂಪರ್ಕ ಪ್ರಾಧಿಕಾರ, 2021ರಲ್ಲಿ ಕಂಪನಿಗಳಿಗೆ ಹೇಳಿದೆ. 8 ಅಕ್ಷರದ ಒಂದು ಕೋಡ್ ಬರುತ್ತದೆ. ನಮ್ಮ ಕರ್ನಾಟಕದಲ್ಲಿ ಅದಕ್ಕೆ 4 ದಿನ ಆಯಸ್ಸು. ಅದನ್ನು ಹೊಸ ಕಂಪನಿಯ ಅಂಗಡಿಗೆ ಒಯ್ಯಿರಿ. ಕೆಲಸ ಮುಗಿಯಲು ಮೂರು ಕೆಲಸದ ದಿನ. ಹಳೆಯ ಸಿಮ್ಮಿನಲ್ಲಿ ಉಳಿದ ಕರೆನ್ಸಿ ಮತ್ತು ದಿನ ಹೊಸದಕ್ಕೆ ಬರುವುದಿಲ್ಲ. ಹಾಗಾಗಿ ಪ್ಯಾಕ್ ಮುಗಿಯುವ ವಾರದಲ್ಲಿ ಪೋರ್ಟ್ ಮಾಡಿ. ಇಂಥ ಕೋಡನ್ನು ಫೋನಿನಲ್ಲಿ ಯಾರಾದರೂ ಕೇಳಿದರೆ ದಯವಿಟ್ಟು ಕೊಡಬೇಡಿ. ಎಷ್ಟೇ ಒಳ್ಳೆಯ ಮಾತಾಡಿದರೂ ಕೊಡಬೇಡಿ.

ಈಗ ದುಡ್ಡಿನ ಲೆಕ್ಕ. ತಿಂಗಳ ಪ್ಯಾಕ್ ಎಂದು ನಾವು ಕರೆಯುವುದರಲ್ಲಿ ಹೆಚ್ಚಿನವು 28 ದಿನದವು. ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಿಸಬೇಕು. 28 ದಿನಕ್ಕೆ 300 ರೂಪಾಯಿ ಅಂತ ಇಟ್ಟುಕೊಳ್ಳಿ. ನಾವು ಮನಸ್ಸಿನಲ್ಲಿ 3,600 ಎಂದು ಲೆಕ್ಕ ಹಾಕುತ್ತೇವೆ, ಕೈಬಿಟ್ಟು ಹೋಗುವುದು 3,900. ಅದಕ್ಕೇ ಪ್ಯಾಕಿನ ಬೆಲೆ ನೋಡಬೇಡಿ, ಬೆಲೆಯನ್ನು ದಿನದಿಂದ ಭಾಗಿಸಿ. ದಿನಕ್ಕೆ ಎಷ್ಟು ಬೀಳುತ್ತದೆ ಅನ್ನುವುದೊಂದೇ ನಿಜವಾದ ಬೆಲೆ. ಸಂತೆಯಲ್ಲಿ ಆಲೂಗೆಡ್ಡೆಯನ್ನು ಕೆಜಿಗೆ ಎಷ್ಟು ಅಂತ ಕೇಳದೆ ಚೀಲ ಎತ್ತುತ್ತೇವೆಯೇ? ಇದೂ ಹಾಗೇ. 84 ದಿನದ್ದು, ವರ್ಷದ್ದು ಸಾಮಾನ್ಯವಾಗಿ ಸ್ವಲ್ಪ ಅಗ್ಗ ಬೀಳುತ್ತದೆ. ಆದರೆ ಹೊಸ ಕಂಪನಿಗೆ ಬಂದ ಮೊದಲ ತಿಂಗಳೇ ವರ್ಷದ ಪ್ಯಾಕ್ ಬೇಡ. ಒಂದು ಮಳೆ ನೋಡಿ, ಆಮೇಲೆ ಹಾಕಿಸಿ. ತಿಂಗಳು ತಿಂಗಳು ಸಂಬಳ ಕೈಗೆ ಬರುವವರಿಗೆ ಇನ್ನೊಂದು ದಾರಿ ಇದೆ. 30 ದಿನದ ಒಂದು ಪ್ಯಾಕ್, ಪ್ರತಿ ತಿಂಗಳು ಅದೇ ತಾರೀಕಿಗೆ ಹಾಕಿಸುವ ಒಂದು ಪ್ಯಾಕ್ ಇರಲೇಬೇಕು ಎಂದು 2022ರಲ್ಲಿ ಟ್ರಾಯ್ ಎಲ್ಲ ಕಂಪನಿಗಳಿಗೂ ನಿಯಮ ಮಾಡಿದೆ.

ಕೀಪ್ಯಾಡ್ ಸೆಟ್ ಇರುವ ಅಜ್ಜ ಅಜ್ಜಿಯರ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕು. ಅವರಿಗೆ ನೆಟ್ ಬೇಡ, ಮಾತು ಸಾಕು. ಆದರೂ ದಿನಕ್ಕೆ ಒಂದೂವರೆ ಜಿಬಿ ಇರುವ ಪ್ಯಾಕ್ ಹಾಕಿಸಿಕೊಂಡು ಬರುತ್ತಾರೆ. ಒಂದು ಹನಿ ನೆಟ್ ಬಳಸದೆ ಅದಕ್ಕೆ ದುಡ್ಡು ಕೊಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಒಂದು ಒಳ್ಳೆಯ ನಿಯಮ ತಂದಿತು. ಬರೀ ಮಾತು ಮತ್ತು ಮೆಸೇಜ್ ಇರುವ ಪ್ಯಾಕ್ ಕೊಡಲೇಬೇಕು, ಅಂಥ ಪ್ಯಾಕಿಗೆ 365 ದಿನದವರೆಗೂ ಅವಧಿ ಇಡಬಹುದು. ಅಂಥ ಪ್ಯಾಕುಗಳು ಈಗ ಇವೆ. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಆಪ್‌ನಲ್ಲಿ ಹುಡುಕಿದರೆ ಎಲ್ಲೋ ಕೆಳಗೆ ಸಿಗುತ್ತವೆ. ಬಾಯಿಬಿಟ್ಟು ಕೇಳಿ: ನೆಟ್ ಇಲ್ಲದ, ಬರೀ ಮಾತಿನ ಪ್ಯಾಕ್ ಕೊಡಿ. ಅದನ್ನೂ ದಿನದ ಲೆಕ್ಕಕ್ಕೆ ಇಳಿಸಿ ನೋಡಿಯೇ ತಗೊಳ್ಳಿ.

ನೆಟ್ ಬೇಕಾದವರು ಎಷ್ಟು ಬೇಕು ಅಂತ ಊಹೆ ಮಾಡಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ಅಂತ ಇದೆ, ಕಳೆದ ತಿಂಗಳು ಎಷ್ಟು ಖರ್ಚಾಯಿತು ಎಂದು ಅದೇ ಹೇಳುತ್ತದೆ. ಅಮ್ಮನದ್ದು ನೋಡಿದರೆ ಇಡೀ ತಿಂಗಳಿಗೆ 6 ಜಿಬಿ ಇತ್ತು, ಅದೂ ಮೊಮ್ಮಕ್ಕಳ ಜೊತೆ ವಿಡಿಯೊ ಕಾಲ್ ಮಾಡಿದ್ದು. ನಾನು ದಿನಕ್ಕೆ 2 ಜಿಬಿಯ ಪ್ಯಾಕ್ ಹಾಕಿಸುತ್ತಿದ್ದೆ. ರಾತ್ರಿ 12 ಗಂಟೆಗೆ ಉಳಿದದ್ದೆಲ್ಲ ಮಣ್ಣುಪಾಲು.

ಇನ್ನು ಫೋನು. ಟವರ್ ಕಡಿಮೆ ಇರುವ ಕಡೆ ಬ್ಯಾಟರಿ ಬೇಗ ಇಳಿಯುತ್ತದೆ, ಗಮನಿಸಿದ್ದೀರಾ? ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗಬೇಕು, ಕೂಗಿದಷ್ಟೂ ಶಕ್ತಿ ಹೋಗುತ್ತದೆ. ಅದಕ್ಕೇ ಮಲೆನಾಡಿನವರಿಗೆ 5,000 ಎಂಎಎಚ್‌ಗಿಂತ ಕಡಿಮೆ ಬ್ಯಾಟರಿ ಬೇಡ ಎಂದು ನಾನು ಹೇಳುತ್ತೇನೆ. ಕ್ಯಾಮೆರಾದ ಮೆಗಾಪಿಕ್ಸೆಲ್ ಅಂಕಿಗೆ ಮರುಳಾಗುವ ಬದಲು ಸ್ಟೋರೇಜ್ 128 ಜಿಬಿ ಇದೆಯಾ ನೋಡಿ. ರ್‍ಯಾಮ್, ಅಂದರೆ ಆಪ್ ಓಡಲು ಬೇಕಾದ ಮೆಮೊರಿ, 6 ಜೊತೆಗೆ ಇನ್ನೂ 6, ಒಟ್ಟು 12 ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಆ ಎರಡನೇ 6 ನಿಜವಾದ ರ್‍ಯಾಮ್ ಅಲ್ಲ, ನಿಮ್ಮದೇ ಸ್ಟೋರೇಜಿನಿಂದ ಕಡ ತಂದದ್ದು. 6 ಎಂದೇ ಎಣಿಸಿ. ಎರಡು ಸಿಮ್ ಹಾಕುವವರು ಟ್ರೇ ತೆಗೆಸಿ ನೋಡಿ. ಕೆಲವು ಫೋನಿನಲ್ಲಿ ಎರಡನೇ ಸಿಮ್ ಹಾಕಿದರೆ ಮೆಮೊರಿ ಕಾರ್ಡಿಗೆ ಜಾಗ ಇರುವುದಿಲ್ಲ.

ವೈಫೈ ಕಾಲಿಂಗ್ ಇದೆಯಾ ಅಂತ ಕೇಳುವುದನ್ನು ಮಾತ್ರ ಮರೆಯಬೇಡಿ. ಮನೆಗೆ ಫೈಬರ್ ಬಂದಿದ್ದರೆ, ಒಂದು ಕಡ್ಡಿ ಟವರ್ ಇಲ್ಲದಿದ್ದರೂ ಮಾಮೂಲಿ ಕಾಲ್ ವೈಫೈ ಮೂಲಕವೇ ಬರುತ್ತದೆ, ಹೋಗುತ್ತದೆ. ಫೋನಿನಲ್ಲೂ ಆ ಸೌಲಭ್ಯ ಇರಬೇಕು, ಸಿಮ್ ಕಂಪನಿಯೂ ಕೊಡುತ್ತಿರಬೇಕು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಫೈಬರ್ ಇದೆ, ಆ ಒಂದು ಬಟನ್ ಒತ್ತಿರುವುದಿಲ್ಲ ಅಷ್ಟೇ.

ಮೂರು ವರ್ಷಕ್ಕಿಂತ ಹೆಚ್ಚು ಬಳಸುವ ಯೋಚನೆ ಇದ್ದರೆ, ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ ಅಂತ ಕೇಳಿ. ಆ ವರ್ಷ ಎಣಿಸುವುದು ನೀವು ಕೊಂಡ ದಿನದಿಂದ ಅಲ್ಲ, ಸಾಮಾನ್ಯವಾಗಿ ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ಎರಡು ವರ್ಷದ ಹಿಂದಿನ ಮಾಡೆಲ್ ಅಗ್ಗಕ್ಕೆ ಸಿಕ್ಕರೆ, ಎರಡು ವರ್ಷ ಆಗಲೇ ಕಳೆದುಹೋಗಿದೆ ಎಂದು ತಿಳಿಯಿರಿ. ಅದೇ ಫೋನಿನಲ್ಲಿ ಬ್ಯಾಂಕ್ ದುಡ್ಡು ಓಡಾಡುತ್ತದೆ.

ಸೆಕೆಂಡ್‌ಹ್ಯಾಂಡ್ ತಗೊಳ್ಳುವವರು ದುಡ್ಡು ಕೊಡುವ ಮೊದಲು ಸ್ಟಾರ್, ಹ್ಯಾಶ್, 0, 6, ಹ್ಯಾಶ್ ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ಸಂಖ್ಯೆ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕೆ, ವೈ, ಎಂ ಎಂದು ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಮೆಸೇಜ್ ಮಾಡಿ. ಕದ್ದ ಫೋನ್ ಎಂದು ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಫೋನೇ ಕಳೆದರೆ ಪೊಲೀಸ್ ದೂರು ಕೊಟ್ಟು, ಕೇಂದ್ರದ ಸಂಚಾರ್ ಸಾಥಿ ತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು. ಅದಕ್ಕೂ ಈ ಅಂಕಿ ಬೇಕು. ಇವತ್ತೇ ಕ್ಯಾಲೆಂಡರಿನ ಹಿಂದೆ ಬರೆದಿಡಿ.

ಕನ್ನಡ ಇದೆಯಾ ಅಂತ ಹೆದರಬೇಕಿಲ್ಲ. ಭಾರತದಲ್ಲಿ ಮಾರುವ ಪ್ರತಿ ಫೋನಿನಲ್ಲೂ, ಕೀಪ್ಯಾಡ್ ಸೆಟ್ಟಿನಲ್ಲೂ, ಕನ್ನಡ ಅಕ್ಷರ ಓದಲು ಬರಲೇಬೇಕು ಎಂಬ ನಿಯಮ ಇದೆ. ಟಚ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನೇ ಕನ್ನಡಕ್ಕೆ ತಿರುಗಿಸಿ ಕೊಟ್ಟರೆ ನಮ್ಮ ಅಮ್ಮನಂಥವರಿಗೆ ಎಷ್ಟು ಧೈರ್ಯ ಬರುತ್ತದೆ ಗೊತ್ತಾ? ಮೊದಲು ಯಾವ ಮೆಸೇಜ್ ಬಂದರೂ ಓದಿ ಹೇಳು ಎನ್ನುತ್ತಿದ್ದರು. ಈಗ ತಾವೇ ಓದಿ ನನಗೆ ಹೇಳುತ್ತಾರೆ.

ಎಫ್‌ಎಂ ರೇಡಿಯೊ ಇರುವ ಫೋನನ್ನೇ ಆರಿಸಿ ಎಂದು ನಾನು ಮನಸಾರೆ ಹೇಳುತ್ತೇನೆ. ಅದಕ್ಕೆ ನೆಟ್ ಬೇಡ, ಕರೆನ್ಸಿ ಬೇಡ, ಹತ್ತಿರದ ಮೊಬೈಲ್ ಟವರ್ ಬಿದ್ದರೂ ಚಿಂತೆಯಿಲ್ಲ. ಇಯರ್‌ಫೋನಿನ ವಯರೇ ಅದಕ್ಕೆ ಆಂಟೆನಾ. ಎಫ್‌ಎಂ ಸೌಲಭ್ಯ ಇರುವ ಫೋನಿನಲ್ಲಿ ಅದನ್ನು ಮುಚ್ಚಿಡಬೇಡಿ ಎಂದು ಕೇಂದ್ರ ಸರ್ಕಾರವೇ 2023ರಲ್ಲಿ ಫೋನ್ ಕಂಪನಿಗಳಿಗೆ ತಿಳಿಸಿದೆ. ಆದರೂ ಹೊಸ ಮಾಡೆಲ್‌ಗಳಲ್ಲಿ ಬಿಟ್ಟುಹೋಗುತ್ತಿದೆ. ಅಂಗಡಿಯಲ್ಲೇ ಇಯರ್‌ಫೋನ್ ಸಿಕ್ಕಿಸಿ, ಹಾಡು ಬಂತಾ ಅಂತ ಕೇಳಿಯೇ ದುಡ್ಡು ಕೊಡಿ.

ಅಮ್ಮನ ನಂಬರ್ ಈಗ ಬೇರೆ ಕಂಪನಿಯಲ್ಲಿದೆ. ಅಡುಗೆಮನೆಯ ಕಿಟಕಿಯ ಹತ್ತಿರ ಮೂರು ಕಡ್ಡಿ ಸಿಗುತ್ತದೆ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಏಳೂವರೆಗೆ ಅವರೇ ಫೋನ್ ಮಾಡಿದರು. ಆನೆ ಮೆಸೇಜ್ ಬಂದಿದೆ, ಪಕ್ಕದ ಮನೆಯವರಿಗೂ ಹೇಳಿದೆ, ಹಿತ್ತಲ ಬಾಗಿಲು ಹಾಕಿಕೊಂಡು ಒಳಗೇ ಇದ್ದೇನೆ, ನೀನು ಊಟ ಮಾಡು ಅಂದರು.

ನಮಸ್ಕಾರ.